ಎಸೆಯುವ ತೋಳು, ಸವೆಯುವ ಭುಜ

ಮನುಷ್ಯನ ದೇಹದಲ್ಲಿ ಎಲ್ಲಕ್ಕಿಂತ ಸಲೀಸಾಗಿ ಎಲ್ಲ ದಿಕ್ಕಿಗೂ ತಿರುಗುವ ಕೀಲು ಭುಜದ್ದು. ಸೊಂಟದಲ್ಲಿ ತೊಡೆಮೂಳೆಯ ತಲೆ ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಿ ಹಾಗಿಲ್ಲ. ತೋಳುಮೂಳೆಯ ತಲೆ ದೊಡ್ಡದು, ಅದನ್ನು ಹಿಡಿಯಬೇಕಾದ ಹೆಗಲಮೂಳೆಯ ಗುಳಿ ಚಿಕ್ಕದು, ಆಳವೂ ಕಡಿಮೆ. ಶಾಲೆಯ ಕ್ರೀಡಾಕೂಟದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಮಕ್ಕಳ ಪಾಡೇ ಈ ಕೀಲಿನ ಪಾಡು. ಮೂಳೆ ಜಾರದಂತೆ ಹಿಡಿದಿಡುವುದು ಗುಳಿಯ ಅಂಚಿಗೆ ಅಂಟಿಕೊಂಡ ಲೇಬ್ರಮ್ ಎಂಬ ನಾರುಪಟ್ಟಿ, ಸುತ್ತಲಿನ ಅಸ್ಥಿರಜ್ಜುಗಳು ಮತ್ತು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು. ಕ್ರೀಡಾಪಟುಗಳಲ್ಲಿ ಪೆಟ್ಟಾಗುವುದೂ ಹೆಚ್ಚಾಗಿ ಇವಕ್ಕೇ.

ಎಸೆತದ ವೇಳೆ ಇವುಗಳ ಮೇಲೆ ಬೀಳುವ ಹೊರೆಯನ್ನು ತುಂಬ ನಿಖರವಾಗಿ ಅಳೆದಿರುವುದು ಬೇಸ್‌ಬಾಲ್‌ನಲ್ಲಿ. ಚೆಂಡೆಸೆಯುವ ಪಿಚರ್ ಮೊದಲು ತೋಳನ್ನು ಹಿಂದಕ್ಕೆ, ಹೊರಮುಖವಾಗಿ ತಿರುಚುತ್ತಾನೆ. ಆಗ ಭುಜದ ಮುಂಭಾಗದ ಸ್ನಾಯು, ರಜ್ಜುಗಳು ಎಳೆದುಕೊಂಡು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ. 2013ರಲ್ಲಿ ನೀಲ್ ರೋಚ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಎಸೆತದ ವೇಗದ ಗುಟ್ಟು ಬಹುಪಾಲು ಈ ಕೂಡಿಟ್ಟ ಶಕ್ತಿಯಲ್ಲೇ ಇದೆ. ಅದು ಬಿಡುಗಡೆಯಾದಾಗ ತೋಳು ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ಒಳಮುಖವಾಗಿ ತಿರುಗುತ್ತದೆ. ಚೆಂಡು ಕೈಬಿಟ್ಟ ಮರುಗಳಿಗೆಯಲ್ಲೇ ತೋಳನ್ನು ಭುಜದಿಂದ ಕಿತ್ತೆಳೆಯುವ ಬಲ ಹೆಚ್ಚುಕಡಿಮೆ ದೇಹದ ತೂಕದಷ್ಟಿರುತ್ತದೆ. ಅದನ್ನು ತಡೆದು ನಿಲ್ಲಿಸುವ ಕೆಲಸದಲ್ಲಿ ಭುಜದ ಹಿಂಭಾಗದ ಸಣ್ಣ ಸ್ನಾಯುಗಳ ಪಾಲು ದೊಡ್ಡದು. ಭುಜ ಒಂದೇ ಎಸೆತಕ್ಕೆ ಹರಿಯುವುದು ಅಪರೂಪ. ಸಾವಿರಾರು ಎಸೆತಗಳಲ್ಲಿ ಸ್ವಲ್ಪಸ್ವಲ್ಪವೇ ಸವೆಯುತ್ತದೆ. ಕ್ರಿಕೆಟ್‌ನಲ್ಲಿ ವೇಗದ ಬೌಲರುಗಳಿಗೆ ಮಾತ್ರ ಈ ಕಷ್ಟ ಎಂದುಕೊಳ್ಳುವಂತಿಲ್ಲ. ಬೆಂಗಳೂರಿನ ಸ್ಪಿನ್ನರ್ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ವಿರುದ್ಧದ ಐತಿಹಾಸಿಕ ಸರಣಿಯಿಂದಲೇ ಹೊರಗುಳಿಯಬೇಕಾಯಿತು.

ಗಾಯಗಳನ್ನು ಗುರುತಿಸಿ ಹೆಸರಿಡುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. ಭುಜ ಪದೇಪದೇ ಜಾರುವುದಕ್ಕೆ ಲೇಬ್ರಮ್‌ನ ಮುಂಭಾಗ ಗುಳಿಯಿಂದ ಕಿತ್ತುಬರುವುದೇ ಕಾರಣ ಎಂದು ಲಂಡನ್ನಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿ ಬರೆದರು. ಅಮೆರಿಕದ ಜೇಮ್ಸ್ ಆಂಡ್ರ್ಯೂಸ್ 1985ರಲ್ಲಿ ಎಸೆತಗಾರರ ಲೇಬ್ರಮ್ ಮೇಲ್ಭಾಗದಲ್ಲಿ ಹರಿಯುವುದನ್ನು ವಿವರಿಸಿದರು. 1990ರಲ್ಲಿ ಸ್ಟೀಫನ್ ಸ್ನೈಡರ್ ಅದಕ್ಕೆ ‘ಸ್ಲ್ಯಾಪ್’ ಎಂಬ ಹೆಸರು ಕೊಟ್ಟು ನಾಲ್ಕು ಬಗೆಯಾಗಿ ವಿಂಗಡಿಸಿದರು. ಹರಿದದ್ದನ್ನು ಹೊಲಿಯುವ ಶಸ್ತ್ರಚಿಕಿತ್ಸೆ ಇದರ ಬೆನ್ನಿಗೇ ವ್ಯಾಪಕವಾಯಿತು.

ಹರಿದಂತೆ ಕಂಡದ್ದೆಲ್ಲ ನೋವಿಗೆ ಕಾರಣವೇ? ಈ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ ಇದು. ನೋವಿನ ಸುಳಿವೇ ಇಲ್ಲದ ವೃತ್ತಿಪರ ಪಿಚರುಗಳ ಭುಜಗಳನ್ನು 2002ರಲ್ಲಿ ಎಂಆರ್‌ಐನಲ್ಲಿ ನೋಡಿದಾಗ, ನೂರಕ್ಕೆ 79ರಲ್ಲಿ ಲೇಬ್ರಮ್ ಸಹಜವಾಗಿರಲಿಲ್ಲ. ಹೀಗಾಗಿ ಚಿತ್ರವೊಂದನ್ನೇ ನೋಡಿ ಕತ್ತರಿ ಹಿಡಿಯುವುದು ಸರಿಯಲ್ಲ. 2017ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗ ಇನ್ನೂ ಮುಂದೆ ಹೋಯಿತು. ಸ್ಲ್ಯಾಪ್ ಗಾಯವಿದ್ದ 118 ಜನರಲ್ಲಿ ಕೆಲವರಿಗೆ ಲೇಬ್ರಮ್ ಹೊಲಿದರು, ಕೆಲವರ ಬೈಸೆಪ್ಸ್ ಸ್ನಾಯುರಜ್ಜುವನ್ನು ಬೇರೆಡೆ ಕೂಡಿಸಿದರು, ಉಳಿದವರಿಗೆ ಹೆಸರಿಗಷ್ಟೇ ಶಸ್ತ್ರಚಿಕಿತ್ಸೆ ಮಾಡಿದರು. ಎರಡು ವರ್ಷದ ಬಳಿಕ ಮೂರೂ ಗುಂಪುಗಳ ಚೇತರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವರೆಲ್ಲರೂ ಮೇಲ್ಮಟ್ಟದ ಎಸೆತಗಾರರಲ್ಲ ಎಂಬುದನ್ನು ಮರೆಯಬಾರದು; ಆದರೂ ಈ ಫಲಿತಾಂಶವನ್ನು ಪಕ್ಕಕ್ಕಿಡುವಂತಿಲ್ಲ.

ತಡೆಗಟ್ಟುವ ದಾರಿಯಲ್ಲಿ ಸಿಕ್ಕ ಫಲ ಇದಕ್ಕಿಂತ ಆಶಾದಾಯಕ. ಅದೇ ವರ್ಷ ಓಸ್ಲೋದ ಕ್ರೀಡಾಗಾಯ ಸಂಶೋಧಕರು 45 ತಂಡಗಳ 660 ಹ್ಯಾಂಡ್‌ಬಾಲ್ ಆಟಗಾರರ ಮೇಲೆ ನಡೆಸಿದ ಅಧ್ಯಯನ ಹೊರಬಂದಿತು. ಅರ್ಧದಷ್ಟು ತಂಡಗಳು ವಾರಕ್ಕೆ ಮೂರು ಸಲ, ಅಭ್ಯಾಸಕ್ಕೆ ಮುನ್ನ ಮೈ ಬಿಸಿ ಮಾಡಿಕೊಳ್ಳುವಾಗಲೇ ಕೆಲವು ವ್ಯಾಯಾಮ ಮಾಡಿದವು: ತೋಳನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳನ್ನು ಬಲಪಡಿಸುವುದು, ಹೆಗಲಮೂಳೆ ಹಿಡಿತದಲ್ಲಿರುವಂತೆ ಪಳಗಿಸುವುದು, ಬಿಗಿದ ಭುಜವನ್ನು ಸಡಿಲಿಸುವುದು. ಈ ತಂಡಗಳಲ್ಲಿ ಭುಜದ ತೊಂದರೆಯ ಸಾಧ್ಯತೆ ಶೇ 28ರಷ್ಟು ಇಳಿಯಿತು. ದುಬಾರಿ ಯಂತ್ರ ಬೇಡದ ಈ ಕ್ರಮವನ್ನು ಯಾವ ಊರಿನ ತಂಡವಾದರೂ ಅನುಸರಿಸಬಹುದು.

ಬಲದಷ್ಟೇ ಮುಖ್ಯವಾದದ್ದು ವಿಶ್ರಾಂತಿ. ದಣಿದ ತೋಳಿನಿಂದಲೇ ಪದೇಪದೇ ಎಸೆದ ಹದಿಹರೆಯದ ಪಿಚರುಗಳಿಗೆ ಭುಜ ಅಥವಾ ಮೊಣಕೈ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ 36 ಪಟ್ಟು ಹೆಚ್ಚು ಎಂದು 2006ರ ಅಮೆರಿಕದ ಅಧ್ಯಯನ ಕಂಡುಕೊಂಡಿತು. ಅಲ್ಲಿ 2014ರಿಂದ ಜಾರಿಯಲ್ಲಿರುವ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿ ದಿನವೊಂದಕ್ಕೆ 7–8 ವರ್ಷದ ಮಕ್ಕಳಿಗೆ 50, 17–18 ವರ್ಷದವರಿಗೆ 105 ಎಸೆತಗಳ ಮಿತಿ ಹಾಕಿದೆ. ಎಷ್ಟು ಎಸೆತದ ಬಳಿಕ ಎಷ್ಟು ದಿನ ಬಿಡುವು ಬೇಕೆಂಬುದನ್ನೂ ಅದೇ ಪಟ್ಟಿ ತಿಳಿಸುತ್ತದೆ.