ಗುರುತೂ ಗುಟ್ಟೂ

ಪ್ರಜಾಪ್ರಭುತ್ವವು ಮತದಾರನನ್ನು ಎರಡು ಬಗೆಯಾಗಿ ನಡೆಸಿಕೊಳ್ಳುತ್ತದೆ. ಮತಗಟ್ಟೆಯ ಬಾಗಿಲಲ್ಲಿ ‘ನೀನು ಯಾರು?’ ಎಂದು ಬಿಡದೆ ಕೇಳುತ್ತದೆ. ಹತ್ತು ಹೆಜ್ಜೆ ಒಳಗೆ ಹೋದೊಡನೆ ‘ನೀನು ಯಾರಾದರೇನು?’ ಎಂದು ಮುಖ ತಿರುಗಿಸುತ್ತದೆ. ಗುರುತನ್ನು ಕೇಳದಿದ್ದರೆ ಒಬ್ಬನ ಮತವನ್ನು ಇನ್ನೊಬ್ಬನು ಕದಿಯುತ್ತಾನೆ. ಗುಟ್ಟನ್ನು ಕಾಯದಿದ್ದರೆ ಬಲ್ಲಿದನು ಬಡವನ ಮತವನ್ನು ಕೊಳ್ಳುತ್ತಾನೆ. ಇಲ್ಲವೆ ಹೆದರಿಸಿ ಕಸಿದುಕೊಳ್ಳುತ್ತಾನೆ.

ಕೇರಳದ ಪರವೂರಿನಲ್ಲಿ 1982ರಲ್ಲಿ ಮೊದಲು ಬಳಕೆಗೆ ಬಂದು, 2004ರ ಲೋಕಸಭಾ ಚುನಾವಣೆಯ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿದ ಮತಯಂತ್ರವು ಈ ಎರಡನ್ನೂ ಸರಳವಾದ ಉಪಾಯದಿಂದ ಬೇರೆ ಬೇರೆ ಇರಿಸಿತು. ರುಜುವೋ ಹೆಬ್ಬೆಟ್ಟಿನ ಗುರುತೋ ಬೀಳುವುದು ಕಾಗದದ ವಹಿಯ ಮೇಲೆ. ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಬೀಳುವುದು ಬೆರಳಿನ ಮೇಲೆ. ಅನಂತರ ಅಧಿಕಾರಿಯು ಗುಂಡಿಯೊತ್ತಿ ಒಂದೇ ಒಂದು ಮತಕ್ಕೆ ಅಪ್ಪಣೆ ಕೊಡುತ್ತಾನೆ. ಬಂದವರು ಯಾರೆಂಬುದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಏಳು ಸೆಕೆಂಡು ಕಾಣಿಸಿಕೊಂಡು ಪೆಟ್ಟಿಗೆಗೆ ಬೀಳುವ ವಿವಿಪ್ಯಾಟ್ ಚೀಟಿಯಲ್ಲಿಯೂ ಅಭ್ಯರ್ಥಿಯ ಹೆಸರಿದೆ, ಮತದಾರನ ಹೆಸರಿಲ್ಲ. ಹಿಂದಿನ ಮತಪತ್ರಕ್ಕೂ ಅದರ ಅಡಿಚೀಟಿಗೂ ಒಂದೇ ಸಂಖ್ಯೆಯಿದ್ದುದನ್ನು ನೆನೆದರೆ, ಈ ವಿಷಯದಲ್ಲಿ ಯಂತ್ರವೇ ವಾಸಿ.

ಕಾಲೇಜಿನ ಅಧ್ಯಾಪಕರಿಗೆ ಚುನಾವಣೆಯ ಕೆಲಸ ತಪ್ಪಿದ್ದಲ್ಲ. ಒಮ್ಮೆ ನಾನು ಅಧಿಕಾರಿಯಾಗಿದ್ದ ಮತಗಟ್ಟೆಯಲ್ಲಿ, ತೋಟದ ಕೂಲಿಯ ಹೆಂಗಸೊಬ್ಬಳು ಶಾಯಿ ಹಚ್ಚಿಸಿಕೊಂಡು ತಗ್ಗಿದ ದನಿಯಲ್ಲಿ ಕೇಳಿದಳು: “ಸ್ವಾಮೀ, ನಾನು ಯಾವುದಕ್ಕೆ ಒತ್ತಿದೆ ಅಂತ ನಮ್ಮ ಯಜಮಾನ್ರಿಗೆ ತಿಳಿಯಾಕಿಲ್ಲ ತಾನೆ?”

“ಯಾರಿಗೂ ತಿಳಿಯುವುದಿಲ್ಲ, ತಾಯಿ” ಎಂದೆ. ಅದು ನಿಜವೇ. ಆದರೆ ಅವಳ ಪ್ರಶ್ನೆ ನನ್ನ ಉತ್ತರಕ್ಕಿಂತ ದೊಡ್ಡದು. ಯಂತ್ರವು ಅವಳೊಬ್ಬಳನ್ನು ಮರೆಮಾಡಿತು. ಅವಳ ಕೇರಿಯನ್ನು ಮರೆಮಾಡಲಿಲ್ಲ. ಕಾಗದದ ಕಾಲದಲ್ಲಿ ಎಣಿಕೆಗೆ ಮುನ್ನ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸುವುದಕ್ಕೆ ಅವಕಾಶವಿತ್ತು. ಯಂತ್ರಗಳ ಎಣಿಕೆಯಾದರೋ ಮತಗಟ್ಟೆಗೊಂದರಂತೆ ನಡೆಯುತ್ತದೆ. ಯಾವ ಕೇರಿ ಯಾರ ಕಡೆಗೆ ವಾಲಿತೆಂಬುದನ್ನು ಯಜಮಾನರು ಮರುದಿನವೇ ಲೆಕ್ಕ ಹಾಕಬಲ್ಲರು. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಎಣಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗವು 2008ರಲ್ಲಿ ಸೂಚಿಸಿತು. ಕಾನೂನು ಆಯೋಗವು 2015ರಲ್ಲಿ ಅನುಮೋದಿಸಿತು. ಅದಿನ್ನೂ ಬಳಕೆಗೆ ಬಂದಿಲ್ಲ.

ಈಗ ಮನೆಯಿಂದಲೇ ಮತ ಹಾಕುವ ಮಾತು ಕೇಳಿಬರುತ್ತಿದೆ. ಅಲ್ಲಿ ಗುರುತನ್ನು ಕೇಳುವುದೂ ಮತವನ್ನು ಪಡೆಯುವುದೂ ಒಂದೇ ಉಪಕರಣ. 2005ರಿಂದ ಅಂತರ್ಜಾಲದ ಮತದಾನ ನಡೆಸುತ್ತಿರುವ ಎಸ್ಟೋನಿಯ ದೇಶವು ಇದಕ್ಕೆ ಜೋಡಿ ಲಕೋಟೆಯ ಯುಕ್ತಿಯನ್ನು ಹೂಡಿತು. ಗೂಢಲಿಪಿಯ ಮತವು ಒಳಗಿನ ಲಕೋಟೆ. ಮತದಾರನ ರುಜು ಹೊರಗಿನದು. ಎಣಿಕೆಗೆ ಮೊದಲು ಹೊರಗಿನದನ್ನು ಕಳಚಿಬಿಡುತ್ತಾರೆ. ಬಲವಂತಕ್ಕೆ ಸಿಕ್ಕಿದವನು ಮತ್ತೊಮ್ಮೆ ಮತ ಹಾಕಬಹುದು. ಕೊನೆಯದೇ ಲೆಕ್ಕಕ್ಕೆ ಬರುತ್ತದೆ.

ಯುಕ್ತಿ ಮೆಚ್ಚತಕ್ಕದ್ದೇ. ಆದರೆ ಎರಡನೆಯ ಸಲ ಮತ ಹಾಕಲು ಏಕಾಂತ ಬೇಕು, ಕೈಯಲ್ಲಿ ಸ್ವಂತ ಉಪಕರಣ ಬೇಕು. ಬೆನ್ನ ಹಿಂದೆ ಗಂಡನೋ ಮಗನೋ ಯಜಮಾನನೋ ನಿಂತಿರುವ ಮನೆಯಲ್ಲಿ ಗೂಢಲಿಪಿ ಏನು ಮಾಡೀತು? ನಮ್ಮ ಮತಗಟ್ಟೆಯ ರಟ್ಟಿನ ಮರೆ ಬಲು ಬಡ ವಸ್ತು. ಆದರೂ ಅದರ ಹಿಂದಕ್ಕೆ ಇವರಾರೂ ಬರುವಂತಿಲ್ಲ. ಹೊಸ ಯಂತ್ರ ಯಾವುದೇ ಬರಲಿ, ಆ ಕೂಲಿಯವಳು ಅದರ ಮುಂದೆ ಒಬ್ಬಳೇ ನಿಲ್ಲಬಲ್ಲಳೇ ಎಂಬುದನ್ನು ಮೊದಲು ಕೇಳಬೇಕು.