ಸುಟ್ಟದ್ದು ರೆಸಿಸ್ಟರ್, ಸುಟ್ಟವರು ಯಾರು?

ಹಳೆಯ ಕಾರಿನ ಬ್ಲೋವರ್ ಮೊದಲ ಮೂರು ಸ್ಪೀಡಿನಲ್ಲಿ ಮಿಸುಕಾಡದೆ ಕೊನೆಯದರಲ್ಲಿ ಮಾತ್ರ ಭರ್ರೆಂದು ತಿರುಗಿದರೆ, ಅನುಭವಿ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲೇ ‘ರೆಸಿಸ್ಟರ್ ಹೋಗಿದೆ’ ಎಂದುಬಿಡುತ್ತಾನೆ. ಬಹುತೇಕ ಅವನ ಮಾತು ನಿಜವಾಗುತ್ತದೆ. ಈ ಕಾರುಗಳಲ್ಲಿ ಫ್ಯಾನಿನ ವೇಗ ತಗ್ಗಿಸುವ ಉಪಾಯ ತೀರಾ ಸರಳ. ಮೋಟರಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಒಂದೆರಡು ತಂತಿ ಸುರುಳಿಗಳನ್ನು ಅಡ್ಡ ಇಟ್ಟಿರುತ್ತಾರೆ, ಒಂದಿಷ್ಟು ವೋಲ್ಟೇಜ್ ಅಲ್ಲಿಯೇ ಶಾಖವಾಗಿ ಕಳೆದುಹೋಗುತ್ತದೆ. ಕೊನೆಯ ಸ್ಪೀಡಿಗೆ ಮಾತ್ರ ಸುರುಳಿಯ ಹಂಗಿಲ್ಲ. ಹಾಗಾಗಿ ಸುರುಳಿ ಕಡಿದುಹೋದರೂ ಆ ಒಂದು ಸ್ಪೀಡ್ ಬದುಕಿರುತ್ತದೆ. ರೆಸಿಸ್ಟರ್ ದುಬಾರಿ ಭಾಗವೂ ಅಲ್ಲ. ಎರಡು ಸ್ಕ್ರೂ ಬಿಚ್ಚಿ ಹೊಸದನ್ನು ಕೂರಿಸಿದರೆ ಕೆಲಸ ಮುಗಿಯಿತು ಎನ್ನುತ್ತಾರೆ. ನನ್ನ ತಕರಾರು ಇರುವುದು ಆ ‘ಮುಗಿಯಿತು’ ಎಂಬಲ್ಲಿ. ಸುಟ್ಟ ಭಾಗ ಕಣ್ಣಿಗೆ ಕಾಣುತ್ತದೆ, ಸುಟ್ಟ ಕಾರಣ ಅನೇಕ ಸಲ ಅದರ ಪಕ್ಕದಲ್ಲೇ ಕಾಣದಂತೆ ಕುಳಿತಿರುತ್ತದೆ.

ರೆಸಿಸ್ಟರನ್ನು ಬ್ಲೋವರ್ ಗಾಳಿಯ ದಾರಿಯಲ್ಲೇ ಕೂರಿಸುವುದು, ಆ ಗಾಳಿಯೇ ಅದನ್ನು ತಣ್ಣಗಿಡಲಿ ಎಂದು. ಈಗ ಮೋಟರಿನ ಬುಷ್ ಒಣಗಿದೆ ಅಥವಾ ವೈಪರ್ ಕೆಳಗಿನ ಜಾಲರಿಯಿಂದ ನುಸುಳಿದ ತರಗೆಲೆ ಫ್ಯಾನಿಗೆ ಸಿಕ್ಕಿಕೊಂಡಿದೆ ಎನ್ನಿ. ಮೋಟರ್ ನಿಧಾನವಾಗುತ್ತದೆ. ನಿಧಾನವಾದ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಶಾಖ ಏರುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ, ಎಂದರೆ ಕರೆಂಟ್ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟು. ಅದೇ ಹೊತ್ತಿಗೆ ತಂಪು ಮಾಡಬೇಕಾದ ಗಾಳಿಯೂ ಕಡಿಮೆ. ಹೀಗೆ ಎರಡೂ ಕಡೆಯಿಂದ ಏಟು ತಿಂದು ಸುಟ್ಟ ರೆಸಿಸ್ಟರಿನ ಜಾಗಕ್ಕೆ ಹೊಸದನ್ನು ಹಾಕಿದರೆ, ಅದೂ ಅದೇ ದಾರಿ ಹಿಡಿಯುತ್ತದೆ.

ಇದು ಬರೀ ಲೆಕ್ಕವಲ್ಲ ಎನ್ನಲು ಬ್ರಿಟನ್ನಿನ ವಾಕ್ಸ್‌ಹಾಲ್ ಝಾಫಿರಾ ಬಿ ಕಾರಿನ ಕಥೆ ಸಾಕು. ಆ ಮಾದರಿಯ ಕಾರುಗಳಿಗೆ ಬೆಂಕಿ ಬೀಳುತ್ತಿರುವುದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಬೆಂಕಿ ಹುಟ್ಟುತ್ತಿದ್ದದ್ದು ಹೀಟರ್ ಬ್ಲೋವರ್ ಬಳಿ. ಅತಿಯಾಗಿ ಕಾದರೆ ಕರೆಂಟ್ ಕಡಿಯಬೇಕಾದ, ರೆಸಿಸ್ಟರಿನ ಥರ್ಮಲ್ ಫ್ಯೂಸನ್ನು ಯಾರೋ ಸರಿಯಿಲ್ಲದ ರೀತಿಯಲ್ಲಿ ರಿಪೇರಿ ಮಾಡಿದ್ದೇ ಕಾರಣ ಎಂದು ಕಂಪನಿ ಮೊದಲು ಹೇಳಿತು. ಎರಡು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿ ರೆಸಿಸ್ಟರ್ ಬದಲಿಸುವ ಕೆಲಸ ನಡೆಯಿತು. ಆ ಮೇಲೂ ಬೆಂಕಿ ನಿಲ್ಲಲಿಲ್ಲ. 2016ರಲ್ಲಿ ಅವೇ ಕಾರುಗಳನ್ನು ಮತ್ತೆ ಕರೆಸಿ, ಈ ಸಲ ಬ್ಲೋವರ್ ಮೋಟರನ್ನೂ ಬದಲಿಸಬೇಕಾಯಿತು. ತೇವ ಸೇರಿ ಕೆಟ್ಟ ಮೋಟರಿನ ಪಾಲು ಅಷ್ಟು ತಡವಾಗಿ ಲೆಕ್ಕಕ್ಕೆ ಬಂತು. ಮರುವರ್ಷ ಅಲ್ಲಿನ ಸಂಸತ್ತಿನ ಸಾರಿಗೆ ಸಮಿತಿ ಈ ವಿಳಂಬವನ್ನು ಕಟುವಾಗಿಯೇ ಟೀಕಿಸಿತು. ಇಂಜಿನಿಯರುಗಳ ಪಡೆಯನ್ನೇ ಇಟ್ಟುಕೊಂಡ ಕಂಪನಿಯ ವಿಷಯವಿದು. ಬೀದಿಬದಿಯ ಗ್ಯಾರೇಜಿನವನನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಹಾಗಾದರೆ ಮೋಟರ್, ರೆಸಿಸ್ಟರ್ ಎರಡನ್ನೂ ಒಟ್ಟಿಗೆ ಬದಲಿಸಿಬಿಟ್ಟರಾಯಿತಲ್ಲ ಎಂದು ಕೇಳಬಹುದು. ಆಗಲೂ ಮೂರನೆಯ ಆರೋಪಿ ತಪ್ಪಿಸಿಕೊಳ್ಳುತ್ತಾನೆ: ತುಕ್ಕು ಹಿಡಿದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಸಡಿಲವಾದ ಅರ್ಥ್. ಪೂರ್ತಿ ವೇಗದಲ್ಲಿ ಮೋಟರ್ 15 ಆಂಪಿಯರ್ ಎಳೆಯುತ್ತಿದೆ, ಕಪ್ಲರಿನ ಒಂದು ಪಿನ್ನಿನಲ್ಲಿ ಕೇವಲ 0.1 ಓಮ್ ತಡೆ ಇದೆ ಎಂದುಕೊಳ್ಳಿ. ಅಲ್ಲೇ 1.5 ವೋಲ್ಟ್ ಸೋರಿಹೋಗುತ್ತದೆ, 22.5 ವಾಟ್ ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ನನ್ನು ಪ್ಲಾಸ್ಟಿಕ್ ಕಪ್ಲರಿನೊಳಗೆ ತುರುಕಿಟ್ಟ ಹಾಗೆ. ಪಿನ್ ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಆ ಕಪ್ಲರನ್ನು ಕತ್ತರಿಸಿ ಹೊಸದು ಹಾಕಲೇಬೇಕು.

ಇದನ್ನು ಹಿಡಿಯಲು ಸಾಧಾರಣ ಮಲ್ಟಿಮೀಟರ್ ಸಾಕು, ಆದರೆ ಅಳೆಯುವ ಕ್ರಮ ಮುಖ್ಯ. ಕಪ್ಲರ್ ಬಿಚ್ಚಿಟ್ಟು ಅಳೆದರೆ ಕೊಳೆತ ಜೋಡಣೆಯೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಕರೆಂಟ್ ಹರಿಯದಿದ್ದರೆ ಸೋರಿಕೆಯೂ ಇರುವುದಿಲ್ಲ. ಎಲ್ಲ ಜೋಡಿಸಿ, ಕೊನೆಯ ಸ್ಪೀಡಿಗಿಟ್ಟು, ಮೋಟರಿನ ಎರಡು ತುದಿಗಳ ನಡುವೆ ಅಳೆಯಬೇಕು. ಆಮೇಲೆ ಮೋಟರಿನ ನೆಗೆಟಿವ್ ತುದಿಯಿಂದ ಬ್ಯಾಟರಿಯ ನೆಗೆಟಿವ್‌ವರೆಗೆ. ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆ ದಾರಿಯಲ್ಲೆಲ್ಲೋ ದೋಷವಿದೆ. ಜಪಾನಿ ವಿನ್ಯಾಸದ ಅನೇಕ ಕಾರುಗಳಲ್ಲಿ ಸ್ವಿಚ್ಚು, ರೆಸಿಸ್ಟರ್ ಎರಡೂ ಈ ನೆಗೆಟಿವ್ ಬದಿಯಲ್ಲೇ ಇರುತ್ತವೆ. ಅಂಥ ಕಡೆ ನೆಗೆಟಿವ್ ದಾರಿ ಕಡಿದು ನಿಂತ ಮೋಟರಿನ ಎರಡೂ ವೈರಿಗೆ ಟೆಸ್ಟ್ ಲ್ಯಾಂಪ್ ಹತ್ತಿ ತಲೆಕೆಡಿಸುವುದುಂಟು. ಮೋಟರಿಗೆ ಪೂರ್ಣ ವೋಲ್ಟೇಜ್ ತಲುಪಿಯೂ ಅದು ತಿರುಗುತ್ತಿಲ್ಲ, ಮೆಲ್ಲಗೆ ತಟ್ಟಿದರೆ ಹೊರಡುತ್ತದೆ ಎಂದಾದರೆ ಕಾರ್ಬನ್ ಬ್ರಷ್ ಸವೆದಿದೆ. ಆಗ ಮೋಟರಿನ ಮೇಲೆ ಹಣ ಹಾಕುವುದು ಸರಿ.

ನಮ್ಮ ಸೆಕೆಯ ನಾಡಿನಲ್ಲಿ ಹೀಟರ್ ಯಾರಿಗೆ ಬೇಕು, ಕೊನೆಯ ಸ್ಪೀಡಿನಲ್ಲೇ ಓಡಿಸಿದರಾಯಿತು ಎನ್ನುವವರಿದ್ದಾರೆ. ಎಸಿಯ ಗಾಳಿಯನ್ನು ದೂಡುವುದೂ ಇದೇ ಫ್ಯಾನ್. ಜುಲೈ ಮಳೆಯಲ್ಲಿ ಚಾರ್ಮಾಡಿ ಏರುವಾಗ ಮುಂದಿನ ಗಾಜಿನ ಮಂಜು ಕಳೆಯುವುದೂ ಇದೇ. ಅಲ್ಲದೆ ಕೊನೆಯ ಸ್ಪೀಡಿನಲ್ಲೇ ಮೋಟರ್ ಅತಿ ಹೆಚ್ಚು ಕರೆಂಟ್ ಎಳೆಯುವುದು, ಕೆಟ್ಟ ಕಪ್ಲರ್ ಅತಿ ಹೆಚ್ಚು ಕಾಯುವುದು. ಇನ್ನು ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು 20 ಆಂಪಿಯರಿನ ಜಾಗಕ್ಕೆ 30ರದ್ದನ್ನು ಹಾಕುವ ಜಾಣತನಕ್ಕೆ ಉತ್ತರ ಹೇಳುವ ಅಗತ್ಯವೂ ಇಲ್ಲ. ಫ್ಯೂಸಿನ ಬದಲು ವೈರ್ ಸುಡುತ್ತದೆ.

ಹುಡುಕಾಟಕ್ಕೆ ಸಮಯ ಹಿಡಿಯುತ್ತದೆ, ಗಿರಾಕಿ ಅದಕ್ಕೆ ದುಡ್ಡು ಕೊಡುವುದಿಲ್ಲ ಎಂಬ ಮೆಕ್ಯಾನಿಕ್‌ಗಳ ದೂರು ಮಾತ್ರ ತಳ್ಳಿಹಾಕುವಂಥದ್ದಲ್ಲ. ಬಿಡಿಭಾಗಕ್ಕೆ ಬಿಲ್ ಕೇಳದೆ ಕೊಡುವ ನಾವು ಅರ್ಧ ಗಂಟೆಯ ಅಳತೆಗೆ ಚೌಕಾಸಿ ಮಾಡುತ್ತೇವೆ. ಆ ಕೂಲಿಯನ್ನು ಮೊದಲೇ ಒಪ್ಪಿಕೊಂಡು, ರಿಪೇರಿಯಾದ ಮೇಲೆ ಬ್ಲೋವರನ್ನು ಎರಡನೇ ಸ್ಪೀಡಿನಲ್ಲಿ ಅರ್ಧ ಗಂಟೆ, ಕೊನೆಯದರಲ್ಲಿ ಇನ್ನೊಂದಿಷ್ಟು ಹೊತ್ತು ಓಡಿಸಿ ಕಪ್ಲರ್ ಮುಟ್ಟಿ ನೋಡಲು ಹೇಳಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳಿಡಲಾಗದಷ್ಟು ಕಾದಿದ್ದರೆ ಕಾರು ಇನ್ನೂ ಗ್ಯಾರೇಜಿನಲ್ಲೇ ಇರಲಿ.