ಗಾಜನೂರಿನ ಮುತ್ತುರಾಜ

ಕಳೆದ ವರ್ಷ ತರಗತಿಯಲ್ಲಿ ಮನೆಪಾಠ ಮಾಡದೆ ಬಂದ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿದಾಗ ಅವನು ತಲೆ ತಗ್ಗಿಸಿಕೊಂಡೇ, "ರಾಜ್‌ಕುಮಾರ್ ಅವರು ಎಷ್ಟು ಓದಿದ್ರು, ಸಾರ್?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ನಮ್ಮ ತಾಳವಾಡಿ ಸೀಮೆಯ ಹುಡುಗ ಕೇಳುವ ಪ್ರಶ್ನೆಯೇ ಅದು. ಹಲವರ ಮನೆಗಳಲ್ಲಿ ತಂದೆತಾಯಿಯರೂ ಇದೇ ಮಾತನ್ನು ಆಡುವುದುಂಟು. ಆದ್ದರಿಂದ ಅವರ ಎಳೆಯ ದಿನಗಳ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ನಮ್ಮ ದೊಡ್ಡ ಗಾಜನೂರಿನಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ. ಮುತ್ತತ್ತಿರಾಯನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆಯ ಊರು ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಆಗ ಕೊಳ್ಳೇಗಾಲವೂ ತಾಳವಾಡಿಯೂ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಈ ಕಡೆ ಉಳಿದೆವು. ಹೀಗಾಗಿ ಅಪ್ಪನ ಊರು ಒಂದು ರಾಜ್ಯದಲ್ಲಿ, ಮಗ ಹುಟ್ಟಿದ ಊರು ಇನ್ನೊಂದು ರಾಜ್ಯದಲ್ಲಿ. ನಮ್ಮಲ್ಲಿ ಇಂಥ ಮನೆತನಗಳು ಎಷ್ಟಿಲ್ಲ!

ಪುಟ್ಟಸ್ವಾಮಯ್ಯನವರು ರಂಗಭೂಮಿಯ ನಟರು. ಕಂಸ, ರಾವಣ, ಹಿರಣ್ಯಕಶಿಪುವಿನಂಥ ಅಬ್ಬರದ ಪಾತ್ರಗಳಿಗೆ ಅವರು ಹೆಸರಾಗಿದ್ದರು. ಮನೆಯಲ್ಲಿ ಬಡತನ. ಎಂಟನೆಯ ವಯಸ್ಸಿನ ಹೊತ್ತಿಗೆ ಹುಡುಗ ಶಾಲೆ ಬಿಟ್ಟು ತಂದೆಯೊಡನೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ತಮ್ಮ ವರದರಾಜನೂ ಮುಂದೆ ಬಣ್ಣ ಹಚ್ಚಿದ.

ಇಲ್ಲಿ ನಿಂತು ಯೋಚಿಸಬೇಕು. ಹುಡುಗ ಬಿಟ್ಟದ್ದು ಶಾಲೆಯನ್ನು, ಸೇರಿದ್ದು ಎಲ್ಲಿಗೆ? ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ಸಂಸ್ಥೆ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ವೈಭವ ಅದರದು. ಊರಿಂದೂರಿಗೆ ಕ್ಯಾಂಪು ಹಾಕಿಕೊಂಡು ಹೋಗುವ ಕಂಪನಿಗಳಲ್ಲಿ ಹುಡುಗರಿಗೆ ಸಂಬಳಕ್ಕಿಂತ ಊಟ, ವಸತಿ ಮತ್ತು ಪಾಠವೇ ಮುಖ್ಯ. ಮಾತುಗಳನ್ನು ಬಾಯಿಪಾಠ ಮಾಡಬೇಕು. ಹಾರ್ಮೋನಿಯಂ ಶ್ರುತಿಗೆ ಕಂಠ ಸೇರಿಸಬೇಕು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ನೆಲದ ಮೇಲೆ ಕುಳಿತವನಿಗೆ ಕೇಳಿದ ಮಾತು ಹಿಂದೆ ನಿಂತವನಿಗೂ ಕೇಳಬೇಕು. ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದರೆ ಹಿರಿಯರು ಅಲ್ಲೇ ತಿದ್ದುತ್ತಿದ್ದರು. 'ಹ'ಕಾರ ನುಂಗಿ ಮಾತಾಡುವ ನಮ್ಮ ಸೀಮೆಯ ಹುಡುಗರಿಗೆ ಇದು ಎಷ್ಟು ಕಷ್ಟವೆಂದು ಕನ್ನಡ ಪಾಠ ಹೇಳುವ ನನಗೆ ಗೊತ್ತು. ನೂರು ಸಾರಿ ಹೇಳಿಸದೆ ಅದು ನಾಲಿಗೆಗೆ ಬರುವುದಿಲ್ಲ. ಮುಂದೆ ರಾಜ್‌ಕುಮಾರ್ ಅವರ ಬಾಯಲ್ಲಿ ಪುರಾಣದ ಮಾತೂ ಚರಿತ್ರೆಯ ಮಾತೂ ಅಷ್ಟು ಸ್ಪಷ್ಟವಾಗಿ ಬಂದದ್ದು ಈ ಪಾಠದಿಂದಲೇ ಎಂದು ನಾನು ನಂಬಿದ್ದೇನೆ.

ಅದೇ ಗುಬ್ಬಿ ಕಂಪನಿಯಲ್ಲಿ ಇನ್ನೊಬ್ಬ ಹುಡುಗನೂ ಬೆಳೆದ. ಅವನೂ 1929ರಲ್ಲೇ ಹುಟ್ಟಿದವನು, ದಕ್ಷಿಣ ಕನ್ನಡದ ಮಂಚಿಯವನು. ಅವನನ್ನು ವೀರಣ್ಣನವರೇ ಕಾಶಿಗೆ ಕಳುಹಿಸಿ ಎಂ.ಎ. ಓದಿಸಿದರು. ಅವರೇ ಹೆಸರಾಂತ ರಂಗ ನಿರ್ದೇಶಕ ಬಿ.ವಿ. ಕಾರಂತರು. ಕಂಪನಿಯವರು ಓದನ್ನು ಹಗುರವಾಗಿ ಕಂಡವರಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಮುತ್ತುರಾಜ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ದುಡಿದ. ಬಾಲಕನಾಗಿದ್ದಾಗಲೇ, 1942ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಚಿಕ್ಕ ಪಾತ್ರವೊಂದರಲ್ಲಿ ಕಾಣಿಸಿಕೊಂಡ. ಹತ್ತು ವರ್ಷಗಳ ನಂತರ 1952ರ 'ಶ್ರೀ ಶ್ರೀನಿವಾಸ ಕಲ್ಯಾಣ'ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬನಾಗಿ ನಿಂತ. ಎರಡೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವಂಥವು. 1953ರಲ್ಲಿ ಪಾರ್ವತಮ್ಮನವರೊಡನೆ ಮದುವೆಯಾಯಿತು.

ಆ ಮೇಲೆ ಬಂದದ್ದು 'ಬೇಡರ ಕಣ್ಣಪ್ಪ'. ನಿರ್ದೇಶಕರಾದ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜರನ್ನು ನಾಯಕನ ಪಾತ್ರಕ್ಕೆ ಆರಿಸಿ, ಹೆಸರನ್ನೂ ಬದಲಿಸಿ 'ರಾಜ್‌ಕುಮಾರ್' ಎಂದು ಕರೆದರು. ಕಣ್ಣಪ್ಪನ ಹೆಂಡತಿಯಾಗಿ ಪಂಢರೀಬಾಯಿ ನಟಿಸಿದರು. ಚಿತ್ರ 1954ರಲ್ಲಿ ಬಿಡುಗಡೆಯಾದಾಗ ರಾಜ್‌ಕುಮಾರ್ ಅವರಿಗೆ ಇಪ್ಪತ್ತೈದು ವರ್ಷ. ಶಾಲೆ ಬಿಟ್ಟ ಎಂಟರಿಂದ ಲೆಕ್ಕ ಹಾಕಿ, ಮಕ್ಕಳೇ: ಹದಿನೇಳು ವರ್ಷ! ಒಂದನೇ ತರಗತಿಯಿಂದ ಎಂ.ಎ.ವರೆಗೆ ಓದುವಷ್ಟು ಕಾಲ ಅವರು ಕಲಿತಿದ್ದರು.

ಕಲಿತದ್ದನ್ನೂ ಮತ್ತೆ ತಿದ್ದಿಕೊಳ್ಳಬೇಕಾಯಿತು. ರಂಗದ ಮೇಲೆ ಕೊನೆಯ ಸಾಲಿನವನಿಗೂ ಕಾಣುವಂತೆ ಕೈ ಎತ್ತಬೇಕು, ಕೂಗಿ ಮಾತಾಡಬೇಕು. ಕ್ಯಾಮೆರಾ ಮುಖದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಅದೇ ಅಬ್ಬರ ಅಲ್ಲಿ ನಗೆಪಾಟಲಾಗುತ್ತದೆ. ಶಿವನಿಗೆ ಕಣ್ಣು ಕಿತ್ತು ಕೊಡುವ ದೃಶ್ಯದಲ್ಲಿ ಆ ಬೇಡನ ಮುಗ್ಧತೆ ಇಂದಿಗೂ ಮನ ಕರಗಿಸುತ್ತದೆ. (2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ನಿಜವಾಗಿಯೂ ದಾನ ಮಾಡಲಾಯಿತು.) ಕಾಳಹಸ್ತಿಯ ಕಥೆಯಾದ್ದರಿಂದ ಇದು ತೆಲುಗಿನಲ್ಲೂ ತಯಾರಾಯಿತು. ಅವರು ನಾಯಕನಾಗಿ ನಟಿಸಿದ ಕನ್ನಡೇತರ ಚಿತ್ರ ಅದೊಂದೇ.

ಒಂದು ಚಿತ್ರ ಗೆದ್ದ ಮಾತ್ರಕ್ಕೆ ಹೊಟ್ಟೆ ತುಂಬಲಿಲ್ಲ. ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು, ಅವೂ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ. ಕೆಲಸವಿಲ್ಲದ ಕಲಾವಿದರೆಲ್ಲ ಸಂಘ ಕಟ್ಟಿಕೊಂಡು ಮತ್ತೆ ಊರೂರು ತಿರುಗಿ ನಾಟಕವಾಡಿದರು. ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ರಾಜ್‌ಕುಮಾರ್ ಸೇರಿ 1960ರಲ್ಲಿ 'ರಣಧೀರ ಕಂಠೀರವ'ವನ್ನು ತಾವೇ ತಯಾರಿಸಿದರು. ಅದರ ಮುಂದಿನ ಕಥೆ, ಇನ್ನೂರಕ್ಕೂ ಹೆಚ್ಚು ಚಿತ್ರಗಳು, 1995ರ ಫಾಲ್ಕೆ ಪ್ರಶಸ್ತಿ, ನಿಮಗೆಲ್ಲ ತಿಳಿದದ್ದೇ.

ಆ ಹುಡುಗನಿಗೆ ಇಷ್ಟನ್ನೂ ಒಂದು ಮಧ್ಯಾಹ್ನ ಹೇಳಿದೆ. ಸುಮ್ಮನೆ ಕೇಳಿದ. "ಹಂಗಾರೆ ದಿನಾ ಎಷ್ಟೊತ್ತು ಬಾಯಿಪಾಠ ಮಾಡ್ತಿದ್ರು, ಸಾರ್?" ಎಂದ. ಮರುದಿನ ಮನೆಪಾಠ ಅರ್ಧ ಮಾಡಿಕೊಂಡು ಬಂದಿದ್ದ.